ಅಮ್ಮನ ಪಾದಗಳು

ಬೆಳಿಗ್ಗೆ ಹಾಸಿಗೆಯಿಂದ ಇಳಿದೊಡನೆ ‘ಕಾಲಡಿ ಬೆಣಚುಕಲ್ಲು ಹಾಸಿದ ಹಾಗಿದೆಯಪ್ಪಾ’ ಎಂದು ನಮ್ಮ ತಾಯಿಯವರು ನರಳುತ್ತಿದ್ದಾಗ, ಮುಂಬಯಿಯ ಚಾಳಿನ ಮೆಟ್ಟಿಲು ಹತ್ತಿದ ದಣಿವೆಂದು ನಾವು ತಳ್ಳಿಹಾಕಿದ್ದೆವು. ಅದು ರುಮಟಾಯ್ಡ್ ಸಂಧಿವಾತವೆಂದು ತಿಳಿದದ್ದು ತಡವಾಗಿ. ದೇಹದ ರಕ್ಷಣಾಶಕ್ತಿಯೇ ದಿಕ್ಕುತಪ್ಪಿ ಕೀಲುಗಳ ಒಳಪೊರೆಯನ್ನು ಬಾಧಿಸುವ ರೋಗವಿದು. ಕಾಲ್ಬೆರಳುಗಳ ಬುಡದ ಸಣ್ಣ ಕೀಲುಗಳಿಗೆ ಅನೇಕರಲ್ಲಿ ಮೊದಲೇ ತಗಲುತ್ತದೆ. ಕ್ರಮೇಣ ಬೆರಳು ಸೊಟ್ಟಗಾಗಿ, ಅಂಗಾಲಿನಲ್ಲಿ ದಡ್ಡು ಕಟ್ಟುತ್ತದೆ.

ಆ ದಡ್ಡನ್ನು ಒಂದು ಭಾನುವಾರ ನಾವೇ ಕ್ಷೌರದ ಬ್ಲೇಡಿನಿಂದ ಹೆರೆದೆವು. ತಪ್ಪು ನಮ್ಮದೇ. ಗಾಯ ಕೀವುಗಟ್ಟಿ ಮಾಯಲು ತಿಂಗಳು ಹಿಡಿಯಿತು. ವಾರಕ್ಕೊಮ್ಮೆ ನುಂಗುವ ಮೆಥೋಟ್ರೆಕ್ಸೇಟ್ ರೋಗವನ್ನು ಅಡಗಿಸುವುದರೊಂದಿಗೆ ಸೋಂಕು ತಡೆಯುವ ಬಲವನ್ನೂ ತುಸು ಕುಗ್ಗಿಸಬಲ್ಲುದೆಂದು ವೈದ್ಯರು ಗದರಿ ತಿಳಿಸಿದರು.

ಈಗ ದಿನವೂ ಸಂಜೆ ನಮ್ಮ ಮನೆಯಾಕೆ ಅತ್ತೆಯ ಪಾದಗಳನ್ನು ದೀಪದಡಿ ನೋಡುತ್ತಾಳೆ. ಬೆರಳಸಂದಿಯ ತೇವ ಒರಸುತ್ತಾಳೆ. ಇಲ್ಲಿಯ ಮಳೆಗಾಲವನ್ನು ವಾಚಕರು ಬಲ್ಲರಷ್ಟೆ! ಉಂಗುಷ್ಟದ ಚಪ್ಪಲಿ ಹೋಗಿ, ಮುಂಭಾಗ ಅಗಲವಾದ, ಮೆತ್ತನೆಯ ತಳದ, ಪಟ್ಟಿ ಬಿಗಿಯುವ ಜೋಡು ಬಂದಿದೆ. ಸಂಜೆಗೆ ಪಾದ ಊದುವುದರಿಂದ ಅದನ್ನು ಕೊಂಡದ್ದೂ ಸಂಜೆಯಲ್ಲೇ. ಮನೆಯೊಳಗೆ ಮೆಟ್ಟಲು ಅಮ್ಮ ಮೊದಲು ಒಪ್ಪಲೇ ಇಲ್ಲ. ಈಗ ಅಡಿಗೆಮನೆಗೆಂದು ಬೇರೊಂದು ಜೊತೆ ಇಟ್ಟುಕೊಂಡಿದ್ದಾರೆ. ದೇವರ ಮುಂದೆ ಮಾತ್ರ ಬರಿಗಾಲೇ.