ಪ್ರಮಾದವಾಚಕ ಶಬ್ದಗಳು

ಇಂಗ್ಲಿಷಿನಲ್ಲಿ ನಾಚಿಕೆಗೀಡುಮಾಡುವ ತಪ್ಪಿಗೆ ಹಲವು ಹೆಸರುಗಳುಂಟು. ‘ಬ್ಲಂಡರ್’ ಎಂಬುದು ಮೊದಲು ಕುರುಡನಂತೆ ತಡವರಿಸಿ ನಡೆಯುವುದನ್ನು ಸೂಚಿಸುತ್ತಿದ್ದಿತು. ಫ್ರೆಂಚಿನಿಂದ ಬಂದ ‘ಫೋ ಪಾ’ ಎಂದರೆ ತಪ್ಪು ಹೆಜ್ಜೆ. ನಗೆಗೀಡಾದ ಸೋಲನ್ನು ಹೇಳುವ ‘ಫಿಯಾಸ್ಕೋ’ ಇಟಲಿಯ ನುಡಿಯಲ್ಲಿ ಬರಿಯ ಸೀಸೆ. ಇವೆಲ್ಲವನ್ನೂ ‘ತಪ್ಪು’ ಎಂದೇ ಅನುವಾದಿಸಿದರೆ ಅರ್ಥಚ್ಛಾಯೆಗಳು ಅಳಿದುಹೋಗುವುವು. ಕನ್ನಡವಾದರೋ ಈ ವಿಷಯದಲ್ಲಿ ಬಡವಾದುದಲ್ಲ.

ಕೃಷ್ಣಾ-ತುಂಗಭದ್ರೆಗಳ ನಡುವಣ ರಾಯಚೂರು, ದೇವದುರ್ಗ, ಮಾನ್ವಿಗಳ ಸೀಮೆಯನ್ನು ನೋಡಬಹುದು. 1948ರ ವರೆಗೆ ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದಿತು. ಕಡೆಯ ದಶಕಗಳಲ್ಲಿ ಕಚೇರಿಯ ಭಾಷೆ ಉರ್ದು. ಮಾನ್ವಿಯು ಮಧ್ವಶಾಸ್ತ್ರದ ತತ್ತ್ವಗಳನ್ನು ಕನ್ನಡ ಪದ್ಯಗಳಲ್ಲಿ ನಿರೂಪಿಸಿದ ಜಗನ್ನಾಥದಾಸರು (1728–1809) ನೆಲಸಿದ್ದ ಊರು. ಇಲ್ಲಿಯ ಪ್ರಮಾದವಾಚಕಗಳು ಕನ್ನಡದ ಬೇರೆಡೆಗಳಲ್ಲಿಯೂ ಉಂಟು; ಆದರೆ ಅವುಗಳ ಎರಡು ಮೂಲಗಳು ಇಲ್ಲಿ ಒಂದೇ ನೆಲದಲ್ಲಿ ಕೂಡಿವೆ.

ಮೊದಲನೆಯದು ಅರಬ್ಬಿ-ಉರ್ದು. ‘ಗಲತ್’ ಎಂದರೆ ತಪ್ಪು. ‘ಫಜೀಹತ್’ ಎಂದರೆ ದೋಷ ಬಯಲಾಗಿ ಮಾನ ಹೋಗುವುದು. ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಗಲತಿ. ಅದೇ ಲೆಕ್ಕವನ್ನು ನಾಲ್ವರೆದುರು ಓದಿ ಸಿಕ್ಕಿಬಿದ್ದರೆ ಫಜೀತಿ.

ಎರಡನೆಯದು ಸಂಸ್ಕೃತ. ‘ಅವಾಂತರ’ವೆಂದರೆ ನಡುವಣದು, ಕನ್ನಡದಲ್ಲಿ ಅದು ನಡುವೆ ಬಂದೆರಗುವ ಅನರ್ಥವಾಯಿತು. ‘ಆಭಾಸ’ವೆಂಬ ತೋರಿಕೆಯು ನಗೆಗೀಡಾಗುವ ಅನೌಚಿತ್ಯವಾಯಿತು. ಎಲ್ಲಕ್ಕಿಂತ ಸೋಜಿಗವಾದುದು ‘ರಾದ್ಧಾಂತ’. ಶಾಸ್ತ್ರದಲ್ಲಿ ಅದು ಸಿದ್ಧಾಂತವೇ. ಆಡುಮಾತಿನಲ್ಲಿ ಗದ್ದಲ, ರಂಪ.

ಆದುದರಿಂದ ಪ್ರಾಚೀನ ಗ್ರಂಥದಲ್ಲಿ ‘ರಾದ್ಧಾಂತ’ವನ್ನು ಕಂಡು ಗದ್ದಲವೆಂದು ಅರ್ಥ ಹೇಳುವ ಅಧ್ಯಾಪಕನು ಗ್ರಂಥಕರ್ತನ ನಿರ್ಣಯವನ್ನೇ ಕೆಡಿಸುವನು. ಮನೆಯಲ್ಲಿ ಮಾಡಿಕೊಂಡರೆ ಅದು ಗಲತಿ, ತರಗತಿಯಲ್ಲಿ ಫಜೀತಿ.