ಬೆಕ್ಕು ನಾಯಿಗಳ ಚಿಗಟ: ಮನೆಗೆ ಮರಳುವ ಮುನ್ನ ಒಂದಿಷ್ಟು ತಿಳುವಳಿಕೆ



ಆಸ್ಪತ್ರೆಯಲ್ಲಿ ನಾಯಿ ಬೆಕ್ಕುಗಳ ಮಾತೇಕೆ ಎಂದು ತಾವು ಕೇಳಬಹುದು. ಒಂದು ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯಿದ್ದ ಹಿರಿಯರೊಬ್ಬರು ನಮ್ಮ ವಾರ್ಡಿನಿಂದ ಗುಣವಾಗಿ ಮನೆಗೆ ಹೋದರು. ಮನೆಯವರೆಲ್ಲ ಇಲ್ಲಿಯೇ ಇದ್ದುದರಿಂದ ಮನೆಗೆ ಮೂರು ವಾರ ಬೀಗ. ಬೆಕ್ಕು ಪಕ್ಕದ ಮನೆಯಲ್ಲಿತ್ತು. ಬಾಗಿಲು ತೆರೆದ ದಿನವೇ ಎಲ್ಲರ ಕಾಲಿಗೂ ಚಿಗಟ ಮುತ್ತಿತು. ಆ ಹಿರಿಯರು ಕೆರೆದು ಕೆರೆದು ಕಣಕಾಲಿನಲ್ಲಿ ಹುಣ್ಣು ಮಾಡಿಕೊಂಡು, ಕೀವಾಗಿ, ಹತ್ತು ದಿನದೊಳಗೆ ಮತ್ತೆ ನಮ್ಮಲ್ಲಿಗೇ ಬಂದರು. "ಬೆಕ್ಕೇ ಇರಲಿಲ್ಲವಲ್ಲ ಸಿಸ್ಟರ್, ಚಿಗಟ ಎಲ್ಲಿಂದ ಬಂತು?" ಎಂದು ಅವರ ಸೊಸೆ ಕೇಳಿದರು.

ಉತ್ತರ ಇದು: ಬೆಕ್ಕಿನ ಮೈಮೇಲೆ ನಾವು ಕಾಣುವುದು ದೊಡ್ಡ ಚಿಗಟಗಳನ್ನು ಮಾತ್ರ. ಅವು ಮನೆಯಲ್ಲಿರುವ ಒಟ್ಟು ಚಿಗಟ ಸಂಸಾರದ ಒಂದು ಸಣ್ಣ ಪಾಲು. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50ರವರೆಗೆ ಮೊಟ್ಟೆ ಇಡಬಲ್ಲದು. ಆ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳದೆ ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತವೆ. ಅವುಗಳಿಂದ ಹೊರಬಂದ ಹುಳುಗಳು ಬೆಳಕಿಗೆ ಹೆದರಿ ಚಾಪೆಯ ಅಡಿ, ನೆಲದ ಬಿರುಕು, ಸೋಫಾದ ಸಂದು, ಕಟ್ಟಿಗೆ ರಾಶಿಯ ಬುಡ ಸೇರುತ್ತವೆ. ಆಮೇಲೆ ಗೂಡು ಕಟ್ಟಿಕೊಂಡು ಕೂರುತ್ತವೆ. ಆ ಗೂಡಿನೊಳಗೆ ಅನ್ನ ನೀರಿಲ್ಲದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬಲ್ಲವು. ನಡಿಗೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದೊಡನೆ ಹೊರಗೆ ಹಾರುತ್ತವೆ. ಬೀಗ ಹಾಕಿದ ಮನೆಯಲ್ಲಿ ಅವು ಆ ಹಿರಿಯರಿಗಾಗಿಯೇ ಕಾದು ಕುಳಿತಂತಾಗಿತ್ತು. ನಮ್ಮ ಮಂಗಳೂರಿನ ಸೆಕೆ ಮತ್ತು ತೇವದ ಗಾಳಿ ಚಿಗಟದ ಹುಳುಗಳಿಗೆ ವರ್ಷವಿಡೀ ಅನುಕೂಲ.

ಆದ್ದರಿಂದ ಮೊದಲ ಔಷಧಿ ಪೊರಕೆ. ಬಿಡುಗಡೆಯ ದಿನಕ್ಕಿಂತ ಒಂದೆರಡು ದಿನ ಮೊದಲೇ ಆರೋಗ್ಯವಂತರೊಬ್ಬರು ಕಾಲು ಮುಚ್ಚುವ ಬಟ್ಟೆ ಧರಿಸಿ ಮನೆಗೆ ಹೋಗಲಿ. ಕಿಟಕಿ ತೆರೆದು, ಮನೆಯೆಲ್ಲ ಓಡಾಡಿ, ಮೂಲೆ ಮತ್ತು ಮಂಚದ ಅಡಿ ಚೆನ್ನಾಗಿ ಗುಡಿಸಲಿ. ಗುಡಿಸಿದ ಕಸವನ್ನು ಬಾಗಿಲ ಹೊರಗೆ ಸುರಿಯದೆ ಸಾಬೂನು ನೀರಿನ ಬಕೆಟ್ಟಿಗೆ ಹಾಕಬೇಕು. ಪ್ರಾಣಿ ಮಲಗುವ ಗೋಣಿ, ಹಳೆಯ ಸೀರೆಗಳನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಜೂನ್ ಜುಲೈಯಲ್ಲಿ ಬಿಸಿಲೆಲ್ಲಿಂದ ತರೋಣ ಎಂದರೆ, ಬಚ್ಚಲ ಒಲೆಯ ಬಳಿ ಒಣಗಿಸಿ ಇಸ್ತ್ರಿ ಹಾಕಿದರೂ ಸರಿ. ತೀರಾ ಹಳತಾದ ಗೋಣಿಯನ್ನು ಸುಟ್ಟುಬಿಡುವುದೇ ಮೇಲು. ನೆಲಕ್ಕೆ ಉಪ್ಪು ಚೆಲ್ಲಿ ಎಂದು ಕೆಲವರು ಹೇಳುತ್ತಾರೆ. ಡಬ್ಬಿಯಲ್ಲಿಟ್ಟ ಉಪ್ಪೇ ನೀರಾಗುವ ಊರು ನಮ್ಮದು, ಇಲ್ಲಿ ಅದರಿಂದ ಏನೂ ಒಣಗದು. ಈ ಕೆಲಸವನ್ನು ಒಂದು ದಿನ ಮಾಡಿ ಬಿಟ್ಟರೆ ಸಾಲದು. ಗೂಡಿನಲ್ಲಿ ಉಳಿದವು ಮತ್ತೆ ಮತ್ತೆ ಏಳುವುದರಿಂದ ಕನಿಷ್ಠ ನಾಲ್ಕು ವಾರ ಬಿಡದೆ ಮಾಡಬೇಕು.

ಇನ್ನು ಪ್ರಾಣಿಯ ಮೈ. ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ದಿನಕ್ಕೊಮ್ಮೆ ಕತ್ತು, ಬೆನ್ನು, ಬಾಲದ ಬುಡ ಬಾಚಿ, ಸಿಕ್ಕಿದ್ದನ್ನು ಸಾಬೂನು ನೀರಿಗೆ ಅದ್ದಿ. ಬರೀ ನೀರಿಗೆ ಹಾಕಿದರೆ ಚಿಗಟ ಮುಳುಗುವುದಿಲ್ಲ. ಬಾಚಣಿಗೆಯಲ್ಲಿ ಬಂದ ಕಪ್ಪು ಹುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲಿಡಿ. ಕೆಂಪಗೆ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅದರಲ್ಲಿರುವುದು ರಕ್ತ. ನಾಯಿಗೆ ಸಾಬೂನು ಸ್ನಾನ ಮಾಡಿಸಿ, ಕಹಿಬೇವಿನ ಎಲೆ ಕುದಿಸಿ ತಣಿಸಿದ ನೀರನ್ನು ಮೇಲಿನಿಂದ ಹೊಯ್ಯಬಹುದು. ಬೇವಿನ ವಾಸನೆಗೆ ಚಿಗಟ ಸ್ವಲ್ಪ ದೂರವಿದ್ದೀತು, ಆದರೆ ಅದೊಂದನ್ನೇ ನಂಬಬೇಡಿ. ಬೆಕ್ಕಿಗೆ ಬಾಚಣಿಗೆಯೇ ಸಾಕು.

ಇಲ್ಲಿ ಒಂದು ಮಾತು ಮನೆಯ ನೋವಿನಿಂದಲೇ ಹೇಳುತ್ತೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಬೆಕ್ಕಿಗೆ ಚಿಗಟ ಹೋಗಲೆಂದು ಸೀಮೆಎಣ್ಣೆ ಹಚ್ಚಿದೆವು. ಅದು ಮೈ ನೆಕ್ಕಿಕೊಂಡಿತು, ಎರಡು ದಿನ ಏದುಸಿರು ಬಿಟ್ಟು ಸತ್ತಿತು. ಬೆಕ್ಕು ತನ್ನ ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ ಎನ್ನುವುದು ನಮಗೆ ಹೊಳೆದಿರಲಿಲ್ಲ. ಕರ್ಪೂರ, ನೀಲಗಿರಿ ಎಣ್ಣೆ, ನುಸಿಗುಳಿಗೆ ಇವೆಲ್ಲ ಅದಕ್ಕೆ ವಿಷ. ಕರ್ಪೂರ ಮತ್ತು ನುಸಿಗುಳಿಗೆ ಮನೆಯ ಮಗುವಿನ ಬಾಯಿಗೆ ಹೋದರೂ ಪ್ರಾಣಾಪಾಯ. ಬೆಳ್ಳುಳ್ಳಿ, ನೀರುಳ್ಳಿ ತಿನ್ನಿಸಿದರೆ ನಾಯಿ ಬೆಕ್ಕುಗಳ ರಕ್ತಕಣ ಒಡೆಯುತ್ತದೆ. ನಾಯಿಗೆಂದು ತಂದ ಪರ್ಮೆಥ್ರಿನ್ ಇರುವ ಔಷಧಿಯನ್ನು ಬೆಕ್ಕಿಗೆ ಹಾಕಲೇಬಾರದು. ಮರಿಗಳ ಒಸಡು ಬಿಳಿಚಿಕೊಂಡಿದ್ದರೆ, ಚಿಗಟ ವಿಪರೀತವಿದ್ದರೆ ಮನೆಮದ್ದು ಬಿಟ್ಟು ಪಶುವೈದ್ಯರ ಬಳಿಗೆ ಒಯ್ಯಿರಿ.

ಚಿಗಟ ಸಣ್ಣ ಕೀಟವೆಂದು ಹಗುರವಾಗಿ ಕಾಣಬೇಡಿ. ಪ್ಲೇಗ್ ಇಲಿಗಳಿಂದ ಚಿಗಟದ ಮೂಲಕ ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದರು. 1902ರಲ್ಲಿ ಅದೇ ರೋಗ ಮಂಗಳೂರಿಗೂ ಬಂದಾಗ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಪ್ಲೇಗ್ ಆಸ್ಪತ್ರೆ ತೆರೆಯಬೇಕಾಯಿತು. ಇಂದು ನಮ್ಮಲ್ಲಿ ಆ ಭಯವಿಲ್ಲ. ಆದರೆ ಇಲಿಯ ಚಿಗಟದಿಂದ ಬರುವ ಟೈಫಸ್ ಜ್ವರ ಈಗಲೂ ಇದೆ. ಬೆಕ್ಕಿನ ಜೊತೆ ಆಡುವ ಮಗು ಅಕಸ್ಮಾತ್ ಚಿಗಟ ನುಂಗಿದರೆ ಲಾಡಿಹುಳು ಆಗಬಹುದು. ಮಲದಲ್ಲಿ ಸೌತೆ ಬೀಜದಂಥ ಚೂರುಗಳು ಕಂಡರೆ ವೈದ್ಯರಿಗೆ ತಿಳಿಸಿ, ಸುಲಭದ ಮಾತ್ರೆಯಿದೆ.

ಚಿಗಟ ಹೆಚ್ಚಾಗಿ ಕಚ್ಚುವುದು ಕಣಕಾಲಿನ ಸುತ್ತ, ಗುಂಪು ಗುಂಪಾಗಿ. ಕಚ್ಚಿದ ಜಾಗವನ್ನು ಸಾಬೂನಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ, ಮಕ್ಕಳ ಉಗುರು ಕತ್ತರಿಸಿ. ಸಕ್ಕರೆ ಕಾಯಿಲೆಯವರು ಪ್ರತಿ ರಾತ್ರಿ ಪಾದ ನೋಡಿಕೊಳ್ಳಿ, ಕೆಂಪು ಹರಡುತ್ತಿದ್ದರೆ ಕಾಯದೆ ಬನ್ನಿ. ತಲೆನೋವು, ಮೈಮೇಲೆ ಗಂಧೆಯೊಂದಿಗೆ ಜ್ವರ ಬಂದರೆ, ಮನೆಯಲ್ಲಿ ಇಲಿ ಅಥವಾ ಸಾಕುಪ್ರಾಣಿ ಇದೆಯೆಂದು ವೈದ್ಯರು ಕೇಳುವ ಮೊದಲೇ ತಾವಾಗಿ ಹೇಳಿ.