ಕ್ರಿಸ್‌ಮಸ್ ಒಂದೇ ದಿನದ ಹಬ್ಬವಲ್ಲ

ಕಳೆದ ಡಿಸೆಂಬರ್ 29ರಂದು ದಾದಿಯನ್ನು ತೋರಿಸಲು ಶಿಗ್ಲಿಯಿಂದ ಬೆಟಗೇರಿಯ ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿ ಪರಿಚಯದ ನರ್ಸ್ ಅಕ್ಕನಿಗೆ, "ತಡ ಆತು ಅಕ್ಕಾ, ಹ್ಯಾಪಿ ಕ್ರಿಸ್‌ಮಸ್" ಅಂದೆ. ಅವರು ನಕ್ಕು, "ಎಲ್ಲಿ ತಡ ಆತು ತಂಗಿ? ನಮ್ಮ ಹಬ್ಬ ಇನ್ನೂ ನಡದೈತಿ" ಅಂದರು.

ನಮ್ಮ ರಜಾಪಟ್ಟಿಯಲ್ಲಿ ಕ್ರಿಸ್‌ಮಸ್‌ಗೆ ಒಂದೇ ದಿನ. ಚರ್ಚಿನ ಕ್ಯಾಲೆಂಡರಿನಲ್ಲಿ ಹಾಗಲ್ಲ. ಹಬ್ಬಕ್ಕೆ ಮುಂಚಿನ ನಾಲ್ಕನೇ ಭಾನುವಾರದಿಂದ ಆಗಮನ ಕಾಲ ಶುರುವಾಗುತ್ತದೆ. 2025ರಲ್ಲಿ ಅದು ನವೆಂಬರ್ 30. ಇದು ಕಾಯುವ, ಮನಸ್ಸು ಸಿದ್ಧ ಮಾಡಿಕೊಳ್ಳುವ ಕಾಲ. ಅನೇಕ ಚರ್ಚುಗಳಲ್ಲಿ ವಾರಕ್ಕೊಂದು ಮೇಣದಬತ್ತಿ ಹೆಚ್ಚಿಸುತ್ತಾ ಹಚ್ಚುತ್ತಾರೆ. ಡಿಸೆಂಬರ್ 25ರಿಂದ ಜನವರಿ 5ರವರೆಗೆ 12 ದಿನ ಹಬ್ಬ. ಜನವರಿ 6 ಎಪಿಫನಿ, ಅಂದರೆ ಮೂಡಣ ದೇಶದ ಜ್ಞಾನಿಗಳು ನಕ್ಷತ್ರದ ಜಾಡು ಹಿಡಿದು ಬಂದು ಶಿಶು ಯೇಸುವನ್ನು ಕಂಡ ನೆನಪಿನ ದಿನ. ಮನೆಗಳ ಮುಂದೆ ತೂಗುವ ನಕ್ಷತ್ರ ಆ ಕಥೆಯದೇ.

ಬೆಟಗೇರಿಗೆ ಬಾಸೆಲ್ ಮಿಶನ್ 1841ರಲ್ಲೇ ಬಂದಿತ್ತು. ಇಷ್ಟು ಹತ್ತಿರದವರ ಹಬ್ಬದಲ್ಲಿ ನನಗೆ ಗೊತ್ತಿದ್ದದ್ದು ಕೇಕ್ ಮಾತ್ರ!

ಈದ್ ಅಂದರೆ ಒಂದು ದಿನದ ಸುರಕುಂಬಾ ಎಂದು ಯಾರಾದರೂ ಅಂದುಕೊಂಡರೆ ನನಗೆ ಬೇಸರವಾಗುತ್ತದೆ. ಅದರ ಹಿಂದೆ ರಂಜಾನಿನ ಇಡೀ ತಿಂಗಳ ರೋಜಾ ಇದೆ, ಮುಂದೆ ಶವ್ವಾಲಿನ ಆರು ರೋಜಾ ಇವೆ. ಕ್ರಿಸ್‌ಮಸ್ ವಿಷಯದಲ್ಲಿ ನಾನೂ ಅದೇ ತಪ್ಪು ಮಾಡಿದ್ದೆ.

ಗೆಳೆಯರೇ, ಡಿಸೆಂಬರ್ 26ರ ನಂತರ ಕ್ರೈಸ್ತ ಸ್ನೇಹಿತರು ಸಿಕ್ಕರೆ, ತಡವಾಯಿತೆಂದು ಸುಮ್ಮನಾಗಬೇಡಿ. ಹಬ್ಬ ಹೇಗೆ ನಡೆದಿದೆ ಎಂದು ಕೇಳಿ.